ಷರಾ

ನನ್ನ ವಿಮಾನ ತಡವರಿಸುವುದು ಯಾವಾಗಲೂ ಕುರ್ಲಾದ ಮೇಲೇ.
ಠಾಣೆಯ ಖಾಡಿ ದಾಟುವತನಕ ಬೆಣ್ಣೆ.
ಆಮೇಲೆ ತಗಡುಗಳು ಶುರು:
ತಗಡಿನ ಮೇಲೆ ನೀಲಿ ತಾಡಪತ್ರಿ, ತಾಡಪತ್ರಿಯ ಮೇಲೆ ಟೈರು,
ಇಷ್ಟೆಲ್ಲ ಬಿಡಿಸಲಾರದೆ ಪರದೆ ಉಸಿರು ಕಟ್ಟುತ್ತದೆ.
ಮತ್ತೆ ಕಣ್ಣು ಬಿಟ್ಟಾಗ ರನ್‌ವೇ.
ನನ್ನ ಬಿಲ್ಡಿಂಗು, ಅದರ ನೀರಿನ ಟಾಕಿ
ಒಮ್ಮೆಯೂ ಕಂಡಿಲ್ಲ.

ವಯಸ್ಸು ನಲವತ್ತೊಂಬತ್ತು. ಸಾಯನ್ನಿನಲ್ಲಿ ಐಸಿಯು, ನೈಟ್ ಡ್ಯೂಟಿ.
ನಿಜವಾದ ವಿಮಾನ ಹತ್ತಿದ್ದು ಒಂದೇ ಸಲ,
ನಾಗಪುರದಿಂದ, ರೋಗಿಯ ಜೊತೆ.
ಕಿಟಕಿ ಪಕ್ಕದಲ್ಲೇ ಇತ್ತು. ನಾನು ಪಂಪು ನೋಡುತ್ತ ಕೂತಿದ್ದೆ.

ಲ್ಯಾಮಿಂಗ್ಟನ್ ರೋಡಿನ ಮುರ್ತುಝಾ ಭಾಯಿ
ಹೊಸ ಪ್ರೊಸೆಸರ್ ಮಾರಬಹುದಿತ್ತು, ಮಾರಲಿಲ್ಲ.
"ಇದರ ಬೀಗ ಕಂಪನಿಯೇ ತೆಗೆದಿಟ್ಟಿದೆ, ಓಡಿಸಿ.
ಆದರೆ ಸಿಸ್ಟರ್, ಮೊದಲು ಫ್ಯಾನು, ಆಮೇಲೆ ಆಸೆ."
ಬಿಲ್ಲಿನ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದುಕೊಟ್ಟ:
ವೋಲ್ಟು ಒಂದೂ ಮುಪ್ಪತ್ತು. ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಇನ್ನೊಂದು ಗೆರೆ.
ವಾರಂಟಿ? ಕೇಳಿದೆ. ನಕ್ಕ.

ಹಳೆಯ ಪೇಸ್ಟು ಒರೆಸಿದ್ದು ಸ್ಪಿರಿಟ್ ಹತ್ತಿಯಲ್ಲಿ,
ಸೂಜಿ ಚುಚ್ಚುವ ಮುಂಚಿನ ಹಾಗೆ, ಒಂದೇ ದಿಕ್ಕಿಗೆ.
ಹೊಸದು ಬಟಾಣಿಯಷ್ಟು. ಅಣ್ಣನ ಮದುವೆಯ ಫೋಟೋಗಳೆಲ್ಲ
ಮೊದಲೇ ಪೆನ್‌ಡ್ರೈವಿಗೆ ಹೋಗಿ ಕಪಾಟಿನಲ್ಲಿ ಕೂತಿದ್ದವು.
ವಾರ್ಡಿನದೇ ಒಂದು ಚಾರ್ಟು ತಂದಿದ್ದೆ:
ಗಂಟೆ, ವೇಗ, ವೋಲ್ಟು, ತಾಪ, ಷರಾ.

ಇದೇನೂ ನನಗೆ ಹೊಸದಲ್ಲ.
ಬಿಪಿ ಕುಸಿದವನಿಗೆ ಔಷಧ ಏರಿಸುವುದೂ ಹೀಗೇ,
ಅರ್ಧ ಎಂಎಲ್. ಕೂತು ನೋಡು. ಬರಿ.
ಹೊಸ ಹುಡುಗಿಯರು ಗುಂಡಿ ಎರಡು ಸಲ ಒತ್ತುತ್ತಾರೆ,
ಅವಸರ ಇರುವುದು ಬೆರಳಿಗೆ, ರಕ್ತನಾಳಕ್ಕಲ್ಲ.

ನಲವತ್ತೆರಡು. ಅರವತ್ತೆಂಟು ಡಿಗ್ರಿ. ಷರಾ: ಶಾಂತ.
ನಲವತ್ಮೂರು. ಎಪ್ಪತ್ತೊಂದು. ಷರಾ: ಶಾಂತ.
ನಲವತ್ನಾಲ್ಕು. ಎಪ್ಪತ್ತಾರು. ಷರಾ: ಫ್ಯಾನಿನ ದನಿ ಬದಲಾಗಿದೆ,
ಕುಂದಾ ಮಗ್ಗುಲು ಬದಲಿಸಿ ಏನೋ ಬೈದಳು.
ನಲವತ್ತೈದು. ಎಂಬತ್ತಮೂರು. ಹತ್ತು ನಿಮಿಷ ನಿಂತಿತು.
ಆಸೆಯಾಯಿತು, ಒಪ್ಪಿಕೊಳ್ಳುತ್ತೇನೆ.
ನಲವತ್ತಾರು.

ಪರದೆ ಪೂರ್ತಿ ನೀಲಿ.

ಇನ್ನೊಂದು ಚಿಟಿಕೆ ವೋಲ್ಟು ಕೊಟ್ಟೆ, ಕೆಂಪು ಗೆರೆಯ ಈಚೆಗೇ.
ಮೇ ತಿಂಗಳ ರಾತ್ರಿ, ಗೋಡೆಯೂ ಬೆವರುವ ಹೊತ್ತು,
ತೊಂಬತ್ತನಾಲ್ಕು ಕಂಡಿತು, ಆಮೇಲೆ ಏನೂ ಕಾಣಲಿಲ್ಲ.
ಗುಂಡಿ ಒತ್ತಿದರೆ ಫ್ಯಾನು ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ.

ಕೈ ನಡುಗಲಿಲ್ಲ. ಆ ಕೈ ಬೇರೆ ಕಡೆ ನಡುಗಿ ಮುಗಿಸಿದೆ.
ವೈರು ಕಿತ್ತು, ಗುಂಡಗಿನ ಬ್ಯಾಟರಿ ತೆಗೆದು
ಅಂಗೈಯಲ್ಲಿಟ್ಟುಕೊಂಡು ಐದು ನಿಮಿಷ ಎಣಿಸಿದೆ.
ಎದುರಿನ ಚಾಳಿನಲ್ಲಿ ಯಾರೋ ನೀರಿಗೆ ಎದ್ದ ಸದ್ದು.
ತಿರುಗಿ ಹಾಕಿದಾಗ ಎದ್ದಿತು,
ತಾರೀಕು ತಪ್ಪು, ಇಸವಿ ತಪ್ಪು,
ಸತ್ತಿರಲಿಲ್ಲ, ಮರೆತಿತ್ತು ಅಷ್ಟೇ.

ಮುರ್ತುಝಾ ಭಾಯಿಯ ಅಳಿಯನದು ಇದೇ ಹೆಸರಿನ ಚಿಪ್ಪು,
ನಲವತ್ತೇಳಕ್ಕೆ ಓಡುತ್ತದಂತೆ. ಓಡಲಿ.
ಡಬ್ಬಿ ಒಂದೇ, ಮರಳು ಬೇರೆ.
ನನ್ನದನ್ನು ನಲವತ್ನಾಲ್ಕಕ್ಕೆ ಇಳಿಸಿ, ವೋಲ್ಟು ಮೊದಲಿನದೇ ಇಟ್ಟು,
ಪರೀಕ್ಷೆ ಹಚ್ಚಿ ಡ್ಯೂಟಿಗೆ ಹೋದೆ.
ಹತ್ತು ನಿಮಿಷ ನಿಲ್ಲದ ರೋಗಿ ಯಾರು?
ಬೆಳಗಿನ ರೌಂಡಿನ ತನಕ ನಿಲ್ಲಬೇಕು.

ನಿಂತಿತ್ತು. ಎಂಟು ತಾಸು, ಒಂದೂ ತಪ್ಪಿಲ್ಲ.
ಯೂನಿಫಾರಂ ಕೂಡ ಬಿಚ್ಚದೆ ಕೂತೆ, ಚಹಾ ಆರಿತು.
ಖಾಡಿ, ಉಪ್ಪಿನ ಗದ್ದೆ, ತಗಡು, ತಗಡು,
ಕಮಾನಿಯ ಹತ್ತಿರ ಒಂದರ್ಧ ಉಸಿರು ಎಡವಿತು,
ಮತ್ತೆ ನಡೆಯಿತು. ರೆಕ್ಕೆಯ ಕೆಳಗೆ ನಮ್ಮ ಗಲ್ಲಿ,
ನಮ್ಮ ಗಚ್ಚಿ. ಹಗ್ಗದ ಮೇಲೆ ಕುಂದಾಳ ಸೀರೆ ಇಲ್ಲ,
ಹಗ್ಗವೇ ಇಲ್ಲ.
ಅದೇ ಹೊತ್ತಿಗೆ ತಲೆಯ ಮೇಲೆ ನಿಜವಾದದ್ದೊಂದು ಹೋಗಿ
ಕಿಟಕಿಯ ಗಾಜು ಗಲಗಲ ಅಂದಿತು.

ಚಾರ್ಟಿನ ಕೊನೆಯ ಸಾಲು:
ಎಪ್ಪತ್ತೈದು ಡಿಗ್ರಿ. ಷರಾ: ಟಾಕಿ ಕಂಡಿತು.
ಬಣ್ಣ ತಪ್ಪು. ನಮ್ಮದು ಕಪ್ಪು.