ಮೂರು ಮಂದಿ

ಹೊಸ ತಂತಿ ಎಳೆಯಲೆಂದು ಹೋಗಿದ್ದೆ,
ಚಿಲೋಯೆ ದ್ವೀಪದ ತೆಂಕಣ ತುದಿಗೆ.
ಗಾಜಿನ ಎಳೆ, ಕೂದಲಿಗಿಂತ ಸಪೂರ.
ಇದರೊಳಗೆ ಬೆಳಕು ಓಡುತ್ತದೆ ಎಂದೆ.
ಎದುವಿನಾ ನವೆಲ್ಕಿನ್ ಮಣ್ಣು ಮೆತ್ತಿದ ಬೂಟು ಕಳಚುತ್ತ
"ಓಡಲಿ ಬಿಡು, ಬರುವವರು ಯಾರು?" ಅಂದಳು.

ಅಂತರ್ಜಾಲದಲ್ಲಿ ಆಲೂಗಡ್ಡೆಗೊಂದು ಮನೆ ಕಟ್ಟಿದವಳು ಅವಳು,
ಇಪ್ಪತ್ತಮೂರು ವರ್ಷದ ಹಿಂದೆ.
ನೂರ ಹದಿನಾಲ್ಕು ತಳಿ. ಒಂದೊಂದಕ್ಕೂ ಫೋಟೋ,
ಸಿಪ್ಪೆಯ ಬಣ್ಣ, ಬೇಯುವ ಹೊತ್ತು,
ಬೀಜ ಕೊಟ್ಟವರ ಹೆಸರು.
ಕರಿ ಮಿಚುನ್ಯೆ: ಕೊಟ್ಟವಳು ರೊಸಾಲ್ಬಾ, ಜೊತೆಗೆ ಎರಡು ಬೈಗುಳ.
ಕ್ಲಾವೆಲಾ: ಯಾರದೆಂದು ನೆನಪಿಲ್ಲ, ಕ್ಷಮೆಯಿರಲಿ.
ಕೆಳಗೆ ನೀಲಿ ಗೆರೆ ಎಳೆದ ಮಾತುಗಳು, ಬೇರೆ ಮನೆಗಳ ಬಾಗಿಲು:
ಕಡಲಪಾಚಿಯ ಗೊಬ್ಬರ ಮಾಡುವವನದು,
ಉಬ್ಬರವಿಳಿತ ಬರೆದಿಡುವವಳದು,
ಕೆಂಪು ಹಂದಿ ಸಾಕಿದ ಪಾದ್ರಿಯದು.
ಒತ್ತಿದೆ. ಒಂದು ತೆರೆಯಲಿಲ್ಲ.
ಇನ್ನೊಂದರಲ್ಲಿ ಜೂಜಿನ ಜಾಹೀರಾತು.
ಪಾದ್ರಿಯ ಹಂದಿಗಳು ಮಾತ್ರ
ಹದಿನೈದು ವರ್ಷದಿಂದ ಅದೇ ಬಿಸಿಲಲ್ಲಿ ನಿಂತಿದ್ದವು.

ಈಗ ಯಾರೂ ಬರುವುದಿಲ್ಲವೆ?
"ಬರದೇ ಏನು! ಕಳೆದ ತಿಂಗಳು ಹನ್ನೊಂದು ಸಾವಿರ.
ರಾತ್ರಿಯೆಲ್ಲ ಬರುತ್ತವೆ, ಯಂತ್ರಗಳು.
ಕದ ತಟ್ಟುವುದಿಲ್ಲ, ಕೂರುವುದಿಲ್ಲ,
ಅಡುಗೆಮನೆ ತನಕ ನುಗ್ಗಿ ಎಲ್ಲ ಓದಿ ಹೋಗುತ್ತವೆ.
ಆಮೇಲೆ ಜನ ಕೈಯಲ್ಲಿನ ಫೋನನ್ನೇ ಕೇಳುತ್ತಾರೆ.
ಅದು ನನ್ನ ಮಾತನ್ನೇ ಬಡಿಸುತ್ತದೆ,
ಸಿಪ್ಪೆ ಸುಲಿದು, ಉಪ್ಪು ಹಾಕಿ.
ಕೊಟ್ಟವರ ಹೆಸರು ಸಿಪ್ಪೆಯ ಜೊತೆ ಹೋಯಿತು.
ನೆನಪಿಲ್ಲ ಅಂದದ್ದೂ ಹೋಯಿತು."

ಹಾಗಾದರೆ ಮುಗಿಯಿತೆನ್ನಿ, ಜಾಲದ ಕಥೆ?
ಒಲೆಗೆ ಕಟ್ಟಿಗೆ ದೂಡಿದಳು.
"ಗಡ್ಡೆಯನ್ನು ಕಪಾಟಿನಲ್ಲಿ ಕಾಪಾಡಲಾಗದು, ಮಗಾ.
ವರ್ಷ ವರ್ಷ ನೆಡಬೇಕು. ಒಂದು ವರ್ಷ ತಪ್ಪಿದರೆ
ಮೊಳೆತು, ಸುಕ್ಕಿ, ತನ್ನನ್ನೇ ತಿಂದುಕೊಳ್ಳುತ್ತದೆ.
ಆಮೇಲೆ ಹೆಸರು ಉಂಟು, ಗಡ್ಡೆ ಇಲ್ಲ."

ತಂತಿ ಕೂಡಿ, ದೀಪ ಹಸಿರಾದ ಮೇಲೆ
ಈ ವಾರದ ಲೆಕ್ಕ ತೆರೆದು ಯಂತ್ರಗಳನ್ನು ಜರಡಿ ಹಿಡಿದೆವು.
ಉಳಿದವರು ಮೂರು ಮಂದಿ.
ಒಬ್ಬಳು ಅವಳೇ.
ಇನ್ನೊಬ್ಬ ನಾನು, ಈಗಷ್ಟೇ ಒತ್ತಿ ನೋಡಿದವನು.
ಮೂರನೆಯದು ಪೋರ್ವೆನಿರ್ ಕಡೆಯಿಂದ, ಗಾಳಿಯ ಸೀಮೆ,
ಕಲ್ಲು ಬಿಟ್ಟರೆ ಏನೂ ಬೆಳೆಯದೆಂದು ನಾವು ನಗುವ ಊರು.
ಬೆಳಗಿನ ಜಾವ ನಾಲ್ಕು. ಒಂದೇ ಪುಟದಲ್ಲಿ ನಲವತ್ತು ನಿಮಿಷ.
ಪುಟದ ತಲೆಬರಹ: ಹಿಮಕ್ಕೆ ಹೋದ ಬೆಳೆ, ನಾನು ಮಾಡಿದ ತಪ್ಪು.

ಫೋನು ಹಿಡಿದೇ ನಿದ್ದೆ ಹೋಗಿರಬಹುದು, ಅಂದೆ.
"ಇರಬಹುದು," ಅಂದಳು.
ಆದರೂ ಕೂತು, ಆ ಪುಟದ ಅಡಿಗೆ ಒಂದು ಸಾಲು ಸೇರಿಸಿದಳು:
ಬಿತ್ತನೆಗಡ್ಡೆ ಬೇಕಾದರೆ ಬರೆಯಿರಿ. ಆಗಸ್ಟ್ ಒಳಗೆ. ಹಣ ಬೇಡ.
ಎರಡು ಅಕ್ಷರ ತಪ್ಪಿದ್ದವು. ನಾನು ತಿದ್ದಲಿಲ್ಲ.

ದೋಣಿಗೆ ಹೊತ್ತಾಗಿತ್ತು.
ಬೇಡವೆಂದರೂ ಅವಳು ಕಿಸೆಗೆ ತುರುಕಿದ ಎರಡು ಕಪ್ಪು ಗಡ್ಡೆ
ದಾರಿಯುದ್ದಕ್ಕೂ ಬೆರಳಿಗೆ ತಣ್ಣಗೆ ತಾಗುತ್ತಿದ್ದವು.
ನನಗೆ ಹಿತ್ತಿಲಿಲ್ಲ. ಬಾಡಿಗೆ ಮನೆ, ಮೂರನೆಯ ಮಹಡಿ.
ಬಕೆಟ್ಟೊಂದಿದೆ,
ತಳ ತೂತಾದದ್ದು.