ಅರವತ್ತು ಸೆಕೆಂಡು

ಡಂಡೀಯಲ್ಲಿ ಬೆಳಗ್ಗೆ ಏಳಕ್ಕೆ
ತೊಟ್ಟಿಯ ನೀರಿಗೆ ಹಾಲುಪುಡಿ ಕದಡುವುದು ನನ್ನ ಕೆಲಸ.
ನೀರು ಬೆಳ್ಳಗಾದರೆ ಅಡಿಯ ಮಣೆ ಕಾಣದು.
ಇಲಿ ಈಜಿ ಈಜಿ ಅದನ್ನು ಹುಡುಕಬೇಕು,
ಗೋಡೆಯ ಗುರುತು ನೋಡಿ ನಾಳೆಗೆ ನೆನಪಿಡಬೇಕು.
ಸಿಗದಿದ್ದರೆ, ಅರವತ್ತು ಸೆಕೆಂಡಿಗೆ
ನಾನೇ ಕೈ ಹಾಕಿ ಎತ್ತುತ್ತೇನೆ.

ಮೂವತ್ತೊಂದನೆಯದು
ನಾಲ್ಕು ದಿನ ಕೈಕಾಲು ಬಡಿಯಿತು. ಐದನೆಯ ದಿನ
ಸುಮ್ಮನೆ ತೇಲಿತು, ಮೂಗಷ್ಟೇ ಮೇಲೆ,
ಬಸ್ಸಿಗೆ ಕಾಯುವವರ ಹಾಗೆ.
ಡಾಕ್ಟರ್ ಆಕ್ಟರ್‌ಲೋನಿ ಬರೆದುಕೊಂಡರು:
'ಕಲಿಯಲಿಲ್ಲ. ಲೆಕ್ಕಕ್ಕಿಲ್ಲ.'
ಕಲಿತಿತ್ತು ಸ್ವಾಮಿ.
ಮಣೆಯನ್ನಲ್ಲ, ನನ್ನನ್ನು.

ಗೇಟಿನಾಚೆ ಶುಕ್ರವಾರ ಶುಕ್ರವಾರ
ಫಲಕ ಹಿಡಿದು ನಿಲ್ಲುತ್ತಾರೆ, ನಮ್ಮ ಬೀದಿಯ ಕರ್ಸ್ಟಿ ಕೂಡ,
ಮಳೆಗೆ ಅಕ್ಷರ ಇಳಿದುಹೋಗಿದ್ದರೂ.
ಅವಳ ಕಣ್ಣು ತಪ್ಪಿಸಲು ಹಿಂಬಾಗಿಲು ಕಲಿತೆ,
ಆಮೇಲೆ ಟೇ ನದಿಯ ಕಡೆಯ ಸುತ್ತುದಾರಿ,
ಆಮೇಲೆ ಸುಳ್ಳು: 'ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತೇನೆ.'
ಕಟುಕ ಮಾತ್ರ ನಂಬಲಿಲ್ಲ. ಕುರಿಯ ಭುಜ ತೂಗಿ,
ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಕೇಳಿದ:
'ಹೇಗಾದರೂ ಮನಸ್ಸು ಬರುತ್ತೆ, ಇಶ್‌ಬೆಲ್?'
ಅರ್ಧ ಕಿಲೋ ಸಾಕು ಅಂದೆ.

ಪ್ರಯೋಗ ಮುಗಿದ ದಿನ
ಇಲಿಗಳನ್ನೂ ಮುಗಿಸಬೇಕು. ಅದು ನಿಯಮ,
ಸೂಜಿ ಸಣ್ಣದು, ನೋವಿಲ್ಲ ಅನ್ನುತ್ತಾರೆ.
ಉಳಿದವೆಲ್ಲ ಪಂಜರದ ಮೂಲೆ ಹಿಡಿದಿದ್ದವು.
ಇದೊಂದು ತಾನಾಗಿ ಬಂದು
ಅಂಗೈ ಹತ್ತಿ ಕೂತಿತು.
ಒದ್ದೆಯಿಲ್ಲದ ಅದರ ಮೈಯನ್ನು
ನಾನು ಮುಟ್ಟಿದ್ದು ಅದೇ ಮೊದಲು. ಬಿಸಿ.
ಯಾಕೋ ಗಡಿಯಾರ ನೋಡಿದೆ.
ಅರವತ್ತಾಯಿತು.
ಎಪ್ಪತ್ತಾಯಿತು.