ಆರರಿಂದ ಹನ್ನೊಂದರವರೆಗೆ

ಗಾಂಧಿನಗರದ ತೆರಿಗೆ ಕಚೇರಿಯ ಮೂರನೇ ಮಹಡಿಗೆ
ಐದು ವರ್ಷದ ಲೆಕ್ಕ ಚೀಲದಲ್ಲಿ ಹೊತ್ತು ಹತ್ತಿದೆ.
ಬಿಟಿಎಸ್ ಬಸ್ಸಿನಲ್ಲಿ ಚೀಲಕ್ಕೂ ಟಿಕೆಟ್ ಹರಿದಿದ್ದ ಕಂಡಕ್ಟರ್.
ವಾದಿಸಲಿಲ್ಲ.
ವಾದವನ್ನೆಲ್ಲ ಮೇಲಿನವರಿಗೆಂದು ಉಳಿಸಿಕೊಂಡಿದ್ದೆ.

ಅವಲಹಳ್ಳಿ ಸುತ್ತಿನ ಹುಣಸೆ ಬೆಳೆಗಾರರ ಸಂಘ ನಮ್ಮದು.
ನೂರಾ ಹದಿನೇಳು ಸದಸ್ಯರು, ಒಂದು ತಕ್ಕಡಿ,
ಬಾಡಿಗೆಯ ಗೋದಾಮು, ಕಾರ್ಯದರ್ಶಿ ನಾನು.
ವಕೀಲರು ಬಾಯಿಪಾಠ ಮಾಡಿಸಿದ್ದು ಇಷ್ಟೇ:
'ಸಂಘ ವ್ಯಾಪಾರಿಯಲ್ಲ ಸ್ವಾಮಿ, ಬರೀ ಕೈ.
ಎಡಗೈ ಬಲಗೈಗೆ ಕೊಟ್ಟರೆ ಅದು ಮಾರಾಟವೇ?'
ಮೆಟ್ಟಿಲಿಗೊಂದು ಸಲ ಹೇಳಿಕೊಂಡೆ.

ಅಧಿಕಾರಿ ಸದ್ಯೋಜಾತಯ್ಯ ಕೆಟ್ಟವರಲ್ಲ.
ಕೂರಿಸಿದರು. ಕರೆಂಟಿಲ್ಲದ್ದಕ್ಕೆ ತಾವೇ ನೊಂದುಕೊಂಡರು.
ಕಡತದ ದಾರ ಬಿಚ್ಚಿ ಕೇಳಿದರು:
'ಬೆಳಿಗ್ಗೆ ಆರಕ್ಕೆ ತೂಕ.
ಹನ್ನೊಂದಕ್ಕೆ ಯಶವಂತಪುರದ ಮಂಡಿಗೆ ರಸೀದಿ.
ನಡುವಿನ ಐದು ಗಂಟೆ
ಈ ಹಣ್ಣು ಯಾರದಮ್ಮ?'

ಯಾರದು?
ತಕ್ಕಡಿಯಲ್ಲಿರುವಷ್ಟು ಹೊತ್ತು ಮುನಿವೆಂಕಟಮ್ಮನದು,
ಬೀಜ ಬಿಡಿಸಿ ಬಿಡಿಸಿ ಉಗುರು ಕಪ್ಪಾದವಳದು.
ಮುಳ್ಳು ನಿಂತೊಡನೆ ರಾಶಿಗೆ ಬಿತ್ತು.
ರಾಶಿಯಲ್ಲಿ ಪಿಳ್ಳಪ್ಪನ ಹೋದ ವರ್ಷದ ಕಪ್ಪು,
ದಸ್ತಗೀರ್ ಸಾಬರ ಹೊಸ ಕೆಂಪು,
ನಾರು ತೆಗೆಯದೆ ಅಬ್ಬಯ್ಯ ತಂದ ಸೋಮಾರಿ ಬುಟ್ಟಿ.
ಹುಳಿಗೆ ಹೆಸರು ಬರೆದವರುಂಟೆ?
ಸಾರು ಸುರಿದು ಇದು ಇಂಥವರ ಮರದ್ದೆನ್ನುವ ನಾಲಿಗೆ
ಈ ಊರಲ್ಲಿ ನಾನು ಕಂಡಿಲ್ಲ.

'ಅವರದೇ ಸ್ವಾಮಿ' ಎಂದೆ. 'ನಾವು ಬರೀ ಕೈ.'

ಅವರು ಹಾಳೆ ಮಗುಚಿದರು.
'ಹಾಗಾದರೆ ಎಂಬತ್ತೊಂದರ ಏಪ್ರಿಲ್?'

ಲಾರಿ ಬಾರದ ದಿನ ಅದು.
ರಾತ್ರಿ ಶೀಟಿನ ಸಂದಿಯಿಂದ ಇಳಿಯಿತು ಮಳೆ.
ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ ಅನ್ನುತ್ತಾರಲ್ಲ,
ನಮಗೆ ಹೊಳೆಯೂ ಬೇಕಾಗಲಿಲ್ಲ.
ನೆನೆದದ್ದು ಹತ್ತೊಂಬತ್ತು ಮೂಟೆ,
ಇನ್ನೂ ಬಾಯಿ ಬಿಚ್ಚಿರಲಿಲ್ಲ,
ಹತ್ತೊಂಬತ್ತರ ಮೇಲೂ ಮಸಿಯಲ್ಲಿ ಬರೆದಿತ್ತು: ಮು. ವೆಂ.

ಅವಳು ಅಳಲಿಲ್ಲ, ಹಿಂಡಿದ ನೀರನ್ನೇ ನೋಡುತ್ತ ಕೂತಳು.
'ಗೋಡೆ ಪಕ್ಕ ಇಟ್ಟೋರು ನಾವು ತಾನೆ' ಎಂದರು ದಸ್ತಗೀರ್ ಸಾಬರು.
ಅಷ್ಟೇ ಸಭೆ. ಅಷ್ಟೇ ನಿರ್ಣಯ.
ತಲೆಗೆ ಹದಿನಾಲ್ಕು ರೂಪಾಯಿ.
ಎಲ್ಲರಿಗಿಂತ ಜೋರಾಗಿ ಗೊಣಗಿದ ಅಬ್ಬಯ್ಯ
ಎಲ್ಲರಿಗಿಂತ ಮೊದಲು ಕೊಟ್ಟ.
ನಾನು ದುಂಡಗೆ ಬರೆದೆ:
'ನಷ್ಟ. ಎಲ್ಲರಿಗೂ ಹಂಚಿದೆ.'
ಬರೆದು ಎರಡು ಸಲ ಓದಿಕೊಂಡಿದ್ದೆ, ಸುಳ್ಳೇಕೆ, ಹೆಮ್ಮೆಯಿಂದ.

ಈಗ ಅದೇ ಸಾಲಿನ ಕೆಳಗೆ ಅವರ ಬೆರಳು.
'ನಷ್ಟ ಹೊರುವವನು ಒಡೆಯ.
ಒಡೆಯನಾಗಿ ಮಾರಿದವನು ವ್ಯಾಪಾರಿ.
ಆ ಹೆಂಗಸೊಬ್ಬಳೇ ಮುಳುಗಿದ್ದರೆ
ನೀವು ಬರೀ ಕೈ. ತೆರಿಗೆಯ ಮಾತೇ ಏಳುತ್ತಿರಲಿಲ್ಲ.'
ಕಾಯಿಲೆಯ ಹೆಸರು ಹೇಳುವ ಡಾಕ್ಟರ ದನಿ.

ಸ್ವಲ್ಪ ಹೊತ್ತು ಬಿಟ್ಟು,
ಕಿಟಕಿಯ ಕಡೆ ನೋಡುತ್ತ,
'ಬರೆಯುವಾಗ ಕೈತಪ್ಪಿದ್ದೇನೋ' ಎಂದರು.
ಪೆನ್ನನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿದರು.

ಕೆಳಗೆ ಯಾರೋ ಕಡಲೆಕಾಯಿ ಕೂಗುತ್ತಿದ್ದ.
ಅವನದು ಎಷ್ಟು ಸಲೀಸು:
ಅವನ ಬುಟ್ಟಿ, ಅವನ ಸೇರು, ಅವನ ಗಂಟಲು.

ಆಗ ಕರೆಂಟು ಬಂತು.
ಫ್ಯಾನು ಕಿರುಗುಟ್ಟಿ ತಿರುಗಿ ಹಾಳೆಗಳೆಲ್ಲ ಎದ್ದವು.
ಆ ಪುಟ ಮಗುಚದಂತೆ
ಅಂಗೈಯಿಟ್ಟು ಒತ್ತಿ ಹಿಡಿದೆ.
'ಬರೆದದ್ದು ಸರಿಯಾಗಿದೆ ಸ್ವಾಮಿ.'

ಆದೇಶ ಇನ್ನೂ ಬಂದಿಲ್ಲ. ವಕೀಲರ ಬಿಲ್ಲು ಬಂದಿದೆ,
ಅದನ್ನೂ ನೂರಾ ಹದಿನೇಳರಿಂದ ಭಾಗಿಸಬೇಕು.
ಮುನಿವೆಂಕಟಮ್ಮನ ಮರ ಈ ಸಲ ಚೆನ್ನಾಗಿ ಬಿಟ್ಟಿದೆಯಂತೆ.
ಅವಳ ಮೂಟೆ ಗೋಡೆಯಿಂದ ದೂರ ಇಡಿಸಬೇಕು.